ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮುಂಚೆ: ಮಗಳಿಗೆ ದೊಡ್ಡಪ್ಪನ ಕಿವಿಮಾತು

ಸೆಕೆಂಡ್ ಹ್ಯಾಂಡ್ ಪೋರ್ಷೆ ಬಾಕ್ಸ್‌ಟರ್ ಕೊಳ್ಳುತ್ತೇನೆ ಎಂದು ನೀನು ಹೇಳಿದಾಗ ಮನೆಯಲ್ಲಿ ಎಲ್ಲರೂ ಬೇಡವೆಂದರು. ನಾನು ಹಾಗನ್ನುವುದಿಲ್ಲ. ನಿನ್ನ ದುಡಿಮೆಯ ದುಡ್ಡು, ಕಾಲೇಜಿನ ದಿನದಿಂದ ಇಟ್ಟುಕೊಂಡ ಆಸೆ, ಧಾರಾಳವಾಗಿ ಕೊಳ್ಳು. ಆದರೆ ಕಾರು ಗುದ್ದಿದ ಮೇಲೆ, ನೀರಲ್ಲಿ ಮುಳುಗಿದ ಮೇಲೆ, ಸುಟ್ಟುಹೋದ ಮೇಲೆ ಅದರ ಮುಂದೆ ನಿಂತು ನಷ್ಟವೆಷ್ಟು ಎಂದು ಬರೆಯುವುದೇ ನನ್ನ ಕಸುಬಾಗಿತ್ತು. ವಿಮೆ ಸರ್ವೇಯರ್ ಆಗಿದ್ದವನಿಗೆ ಬಣ್ಣದ ಹೊಳಪು ಕಾಣುವುದು ಕೊನೆಗೆ. ಆ ಕಸುಬಿನಿಂದ ನಿನಗೆ ಉಪಯೋಗಕ್ಕೆ ಬರುವಷ್ಟನ್ನು ಇಲ್ಲಿ ಬರೆದಿದ್ದೇನೆ. ಪೂರ್ತಿ ಓದುವವರೆಗೆ ಯಾರಿಗೂ ಟೋಕನ್ ಹಣ ಕೊಡಬೇಡ.

• ಎಲ್ಲಕ್ಕಿಂತ ಮೊದಲು ಇದು ತಲೆಯಲ್ಲಿರಲಿ. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. 718 ಬಾಕ್ಸ್‌ಟರ್ 2017ರಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಷೋರೂಮ್ ಬೆಲೆಯೇ ಸುಮಾರು 85 ಲಕ್ಷ ಇತ್ತು. ಈಗ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗಬಹುದು, ಆದರೆ ಬ್ರೇಕ್ ಡಿಸ್ಕ್ ಬದಲಿಸುವ ದಿನ ನೀನು ಕೊಡುವುದು 85 ಲಕ್ಷದ ಕಾರಿನ ಡಿಸ್ಕಿನ ಬೆಲೆಯನ್ನೇ. ಸಾಮಾನು ಜರ್ಮನಿಯಿಂದ ಸುಂಕ ಕಟ್ಟಿಕೊಂಡು ಬರಬೇಕು, ಅದೂ ಎಷ್ಟೋ ಸಲ ವಾರಗಟ್ಟಲೆ ಕಾದ ಮೇಲೆ. ಆದ್ದರಿಂದ ನಿನ್ನ ಹತ್ತಿರ ನಲವತ್ತು ಲಕ್ಷ ಇದ್ದರೆ ಮೂವತ್ತೆರಡರ ಕಾರು ಹುಡುಕು. ಉಳಿದ ಎಂಟನ್ನು ಬೇರೆ ಖಾತೆಗೆ ಹಾಕಿ ಮೊದಲ ಎರಡು ವರ್ಷ ಕಾರಿಗಲ್ಲದೆ ಬೇರೆ ಯಾವುದಕ್ಕೂ ಮುಟ್ಟಬೇಡ. ಆ ಎಂಟು ಲಕ್ಷ ತೆಗೆದಿಡಲು ಆಗದಿದ್ದರೆ ಆ ಕಾರನ್ನು ಕೊಳ್ಳುವ ಕಾಲ ಇನ್ನೂ ಬಂದಿಲ್ಲ ಎಂದುಕೋ. ಕೊಂಡು ಆರು ತಿಂಗಳಿಗೆ ಹೊದಿಕೆ ಹೊದಿಸಿ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ ಸ್ಪೋರ್ಟ್ಸ್ ಕಾರುಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೇಕಾದಷ್ಟಿವೆ. ಅವೆಲ್ಲ ಕೊಳ್ಳುವ ದುಡ್ಡಿದ್ದು ಇಟ್ಟುಕೊಳ್ಳುವ ದುಡ್ಡಿಲ್ಲದವರ ಕಾರುಗಳು.

• ಯಾವ ವರ್ಷದ್ದು ಎಂಬುದು ಬಾಕ್ಸ್‌ಟರ್‌ನಲ್ಲಿ ಬಹಳ ಮುಖ್ಯ. 1996ರಿಂದ 2004ರವರೆಗಿನ ಮೊದಲ ತಲೆಮಾರಿನಲ್ಲೂ ಅದರ ಮುಂದಿನ 2005ರಿಂದ 2008ರವರೆಗಿನ ಕಾರುಗಳಲ್ಲೂ ಎಂಜಿನ್ನಿನ ಒಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ದಂಡ ಇದೆ. ಅದರ ಬೇರಿಂಗ್ ಹೋದರೆ ಎಂಜಿನ್ನೇ ಹೋದಂತೆ. 2009ರಲ್ಲಿ ಪೋರ್ಷೆ ಹೊಸ ಎಂಜಿನ್ ತಂದಿತು, ಅದರಲ್ಲಿ ಆ ದಂಡವೇ ಇಲ್ಲ. ನಾನಾದರೆ 2009ರ ಈಚಿನದನ್ನೇ ನೋಡುತ್ತಿದ್ದೆ. 2012ರಿಂದ 2016ರವರೆಗಿನ 981 ಸರಣಿ ನನಗೆ ಎಲ್ಲಕ್ಕಿಂತ ಇಷ್ಟ. 2.7 ಲೀಟರಿನ ಆರು ಸಿಲಿಂಡರ್, ಟರ್ಬೊ ಇಲ್ಲ, 265 ಅಶ್ವಶಕ್ತಿ. ಆಮೇಲೆ ಬಂದ 718ರಲ್ಲಿ ನಾಲ್ಕೇ ಸಿಲಿಂಡರ್, ಟರ್ಬೊ ಉಂಟು. ವೇಗ ಹೆಚ್ಚು, ಆ ಹಳೆಯ ನಾದ ಇಲ್ಲ. ನೀನು ಎರಡನ್ನೂ ಓಡಿಸಿ ನೋಡಿ ತೀರ್ಮಾನಿಸು.

• ಇನ್ನೊಂದು ವರ್ಷದ ಲೆಕ್ಕವೂ ಇದೆ. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ. ಅದಾದ ಮೇಲೆ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನಾಲ್ಕು ವರ್ಷದ ಕಾರು ಥಟ್ಟನೆ ಅಗ್ಗವಾಗಿ ಕಂಡರೆ ಕಾರಣ ಅದೇ ಇರಬಹುದು.

• ಡೀಲರೋ, ನೇರವಾಗಿ ಮಾಲೀಕರೋ? ಕಾಗದಪತ್ರ ಸರಿಯಾಗಿ ಇಟ್ಟುಕೊಂಡಿರುವ ಮಾಲೀಕರು ಸಿಕ್ಕರೆ ನನ್ನ ಓಟು ಅವರಿಗೇ. ಐದು ವರ್ಷ ಒಬ್ಬರೇ ಓಡಿಸಿದ ಕಾರಿನ ಬಗ್ಗೆ ಅವರಿಗೆ ಗೊತ್ತಿರುವಷ್ಟು ಯಾವ ಷೋರೂಮಿಗೂ ಗೊತ್ತಿರುವುದಿಲ್ಲ. ಅವರ ಮನೆಗೇ ಹೋಗು. ಕಾರು ನಿಲ್ಲುವ ಜಾಗದ ನೆಲದಲ್ಲಿ ಆಯಿಲ್ ಕಲೆ ಇದೆಯೇ ನೋಡು, ಬ್ಯಾಟರಿ ಚಾರ್ಜರ್ ಇದೆಯೇ ನೋಡು. ಕಾರಿನ ವಿಷಯ ತೆಗೆದರೆ ಅವರ ಮುಖದಲ್ಲಿ ಪ್ರೀತಿ ಕಾಣುತ್ತದೋ, ಕಳೆದುಕೊಂಡರೆ ಸಾಕೆಂಬ ಅವಸರ ಕಾಣುತ್ತದೋ ಗಮನಿಸು. ಎರಡು ಕೀಲಿಯನ್ನೂ ಕೇಳು. ಪೋರ್ಷೆಗೆ ಹೊಸ ಕೀಲಿ ಮಾಡಿಸುವುದು ಸಣ್ಣ ಖರ್ಚಲ್ಲ.

ಡೀಲರಿಂದ ಕೊಳ್ಳುವುದರಲ್ಲಿ ಬೇರೆ ಅನುಕೂಲ ಇದೆ. ಕಾರು ಕೈಕೊಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಇರುತ್ತದೆ. ತನ್ನ ಸ್ವಂತದ ಒಂದು ಕಾರು ಮಾರಿದ ಖಾಸಗಿ ವ್ಯಕ್ತಿಯ ಮೇಲೆ ಆ ದಾರಿ ಇಲ್ಲ. ಆದರೆ ಡೀಲರಿಗೆ ಮೊದಲ ಪ್ರಶ್ನೆ ಇದಾಗಿರಲಿ: “ಈ ಕಾರು ನಿಮ್ಮದೋ, ಮಾಲೀಕರು ಮಾರಿಕೊಡಿ ಅಂತ ಬಿಟ್ಟುಹೋಗಿದ್ದೋ?” ದೊಡ್ಡ ಕಾರುಗಳ ಷೋರೂಮುಗಳಲ್ಲಿ ಬಹಳಷ್ಟು ಎರಡನೆಯ ಬಗೆಯವು. ಅಂಥದ್ದಾದರೆ ಮಾಲೀಕರ ಜೊತೆ ಒಮ್ಮೆಯಾದರೂ ನೇರವಾಗಿ ಮಾತಾಡದೆ ಮುಂದೆ ಹೋಗಬೇಡ. 2023ರ ಏಪ್ರಿಲ್ 1ರಿಂದ ಹಳೆಯ ಕಾರು ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಆ ಪತ್ರ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಜಿಎಸ್‌ಟಿ ಮಾತು ಬಂದರೆ ನೆನಪಿಡು, ಹಳೆಯ ಕಾರಿನಲ್ಲಿ ಶೇ 18ರ ತೆರಿಗೆ ಡೀಲರಿನ ಲಾಭಾಂಶದ ಮೇಲೆ, ನೀನು ಕೊಡುವ ಇಡೀ ಬೆಲೆಯ ಮೇಲಲ್ಲ.

ಪೋರ್ಷೆಯವರದೇ ಅಪ್ರೂವ್ಡ್ ಯೋಜನೆಯಲ್ಲಿ 111 ಅಂಶಗಳ ತಪಾಸಣೆ ಮಾಡಿ ವಾರಂಟಿ ಕೊಟ್ಟು ಮಾರುತ್ತಾರೆ. ದುಬಾರಿ, ಆದರೆ ಮೊದಲ ಸಲ ಕೊಳ್ಳುವವರಿಗೆ ಆ ಹೆಚ್ಚಿನ ಹಣ ದಂಡವಲ್ಲ.

• ಬೇರೆ ರಾಜ್ಯದ ನಂಬರ್ ಪ್ಲೇಟಿನ ಕಾರು ಅಗ್ಗ ಎಂದು ಮರುಳಾಗಬೇಡ. ಇದನ್ನು ಸ್ವಲ್ಪ ನಿಧಾನವಾಗಿ ಓದಮ್ಮ, ಏಕೆಂದರೆ ನಮ್ಮ ಊರಿನಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ದೆಹಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರಿಗೂ ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೂ ಇರುವ ಕಟ್ಟುಪಾಡಿನಿಂದ ಅಲ್ಲಿನ ಬೆಲೆ ಬೀಳುತ್ತದೆ. ಪುದುಚೇರಿಯಲ್ಲಿ ತೆರಿಗೆಯೇ ಕಡಿಮೆ. ಆ ಕಾರುಗಳು ಇಲ್ಲಿಗೆ ಬರುತ್ತವೆ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿನ ಜೀವಾವಧಿ ತೆರಿಗೆ ಶೇ 18, ಸೆಸ್ ಸೇರಿದರೆ ಇಪ್ಪತ್ತರ ಹತ್ತಿರ. ಹೊರಗಿನಿಂದ ಬಂದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡುತ್ತಾರೆ, ಸರಿ. ಆದರೆ ಲೆಕ್ಕ ಶುರುವಾಗುವುದು ನೀನು ಕೊಟ್ಟ ಹಣದಿಂದಲ್ಲ, ಕಾರಿನ ಮೂಲ ಬೆಲೆಯಿಂದ. ಮೂವತ್ತು ಲಕ್ಷಕ್ಕೆ ಕೊಂಡ ಕಾರಿನ ತೆರಿಗೆಯನ್ನು ಎಂಬತ್ತು ಲಕ್ಷದ ಬುಡದಿಂದ ಲೆಕ್ಕ ಹಾಕಿದಾಗ ಆ “ಅಗ್ಗ” ಎಲ್ಲಿ ಹೋಯಿತು ಎಂದು ಹುಡುಕಬೇಕಾಗುತ್ತದೆ.

“ಹಾಗೇ ಓಡಿಸಿ ಮೇಡಂ, ಯಾರೂ ಕೇಳಲ್ಲ” ಎನ್ನುವ ಬ್ರೋಕರ್ ಸಿಕ್ಕೇ ಸಿಗುತ್ತಾನೆ. 2025ರ ಫೆಬ್ರುವರಿಯಲ್ಲಿ ನಮ್ಮ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಮೂವತ್ತರಷ್ಟು ಐಷಾರಾಮಿ ಕಾರುಗಳನ್ನು ತೆರಿಗೆ ಬಾಕಿಗಾಗಿ ಹಿಡಿಯಿತು, ಅದರಲ್ಲಿ ಪೋರ್ಷೆಗಳೂ ಇದ್ದವು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿಯ ಮಾಲೀಕರು ಸುಮಾರು 1.4 ಕೋಟಿ ರೂಪಾಯಿ ಕಟ್ಟಿ ಬಿಡಿಸಿಕೊಂಡರು. ನಿನ್ನ ಬಾಕ್ಸ್‌ಟರ್ ಕೆಂಪೋ ಹಳದಿಯೋ ಆಗಿದ್ದರೆ ಇಡೀ ರಸ್ತೆಗೆ ಕಾಣುತ್ತದೆ, ಇಲಾಖೆಯವರಿಗೂ ಕಾಣುತ್ತದೆ. ಕೆಎ ನಂಬರಿನ ಕಾರು ನಾಲ್ಕೈದು ಲಕ್ಷ ಹೆಚ್ಚಿದ್ದರೂ ಪೇಪರ್ ಪೆನ್ನು ಹಿಡಿದು ಕೂತು ಹೋಲಿಸು. ಆದರೂ ಹೊರಗಿನದೇ ಬೇಕು ಅನಿಸಿದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ, ಅಂದರೆ ಫಾರಂ 28, ಮಾರುವವರೇ ತೆಗೆಸಿಕೊಡಲಿ. ಅದು ಕೈಗೆ ಬಂದ ಮೇಲೆ ಪೂರ್ತಿ ಹಣ. ಮೂಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿಕೆಯನ್ನು ವಾಪಸ್ ಕೇಳಬಹುದು, ಆದರೆ ಅದು ಬೇಗ ಬರುತ್ತದೆಂದು ನಂಬಿ ಬಜೆಟ್ ಮಾಡಬೇಡ.

• ವಿದೇಶದಿಂದ ಯಾರೋ ಖಾಸಗಿಯಾಗಿ ತರಿಸಿದ ಕಾರಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಕಣ್ಣಾರೆ ನೋಡು. ಕಾರ್ನೆ ಎಂಬ ತಾತ್ಕಾಲಿಕ ಪ್ರವೇಶದ ಕಾಗದದ ಮೇಲೆ ಬಂದ ಕಾರು ಅತಿಥಿ ಮಾತ್ರ, ಅದನ್ನು ಇಲ್ಲಿ ಮಾರುವ ಹಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ‘ನುಂಖೋರ್’ ಎಂಬ ಕಾರ್ಯಾಚರಣೆ ನಡೆಸಿ ಭೂತಾನ್ ದಾರಿಯಿಂದ ಬಂದವೆನ್ನಲಾದ ಕಾರುಗಳನ್ನು ಮನೆಮನೆಯಿಂದ ವಶಪಡಿಸಿಕೊಂಡರು. ಕಳ್ಳದಾರಿಯಲ್ಲಿ ಬಂದ ಕಾರು ಎಷ್ಟು ಕೈ ದಾಟಿದರೂ ಕಳಂಕ ಕಳೆದುಕೊಳ್ಳುವುದಿಲ್ಲ, ವಶವಾಗುವುದು ಕೊನೆಯ ಮಾಲೀಕರ ಮನೆಯಿಂದ.

• ಎಂ-ಪರಿವಾಹನ್‌ನಲ್ಲಿ ನಂಬರ್ ಹಾಕಿ ನೋಡು: ಎಷ್ಟನೆಯ ಮಾಲೀಕರು, ಸಾಲ ಇದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ, ವಿಮೆ ಎಂದಿನವರೆಗೆ. ಟ್ರಾಫಿಕ್ ಪೊಲೀಸರ ದಂಡದ ಬಾಕಿಯನ್ನು ಬೇರೆಯಾಗಿ ನೋಡು. ಬ್ಯಾಂಕಿನ ಹೆಸರು ಆರ್‌ಸಿಯಲ್ಲಿದ್ದರೆ ಸಾಲ ತೀರಿದೆ ಎಂಬ ಬಾಯಿಮಾತು ಸಾಲದು, ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು.

• ಚಾಸಿ ನಂಬರ್ ಹದಿನೇಳು ಅಕ್ಷರದ್ದು. ಮುಂದಿನ ಗಾಜಿನ ಮೂಲೆಯಲ್ಲಿ ಕಾಣುವುದು, ಬಾಡಿಯ ಲೋಹದ ಮೇಲೆ ಕೊರೆದದ್ದು, ಸ್ಕ್ಯಾನರ್ ಹಾಕಿದಾಗ ಕಂಪ್ಯೂಟರ್ ಹೇಳುವುದು, ಆರ್‌ಸಿಯಲ್ಲಿರುವುದು, ಇವು ನಾಲ್ಕೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಸುಮ್ಮನೆ ಹೇಳುತ್ತಿಲ್ಲ. ಗುದ್ದಿ ಗುಜರಿಗೆ ಹೋದ ಕಾರಿನ ಕಾಗದ ಕೊಂಡು, ಅದೇ ಮಾದರಿಯ ಕಳವಿನ ಕಾರಿಗೆ ಆ ನಂಬರ್ ಕೂರಿಸುವ ತಂಡಗಳನ್ನು ದೇಶದ ಹಲವು ಕಡೆ ಪೊಲೀಸರು ಹಿಡಿದಿದ್ದಾರೆ. ಕೊರೆದ ನಂಬರಿನ ಸುತ್ತ ಹೊಸ ಬಣ್ಣ, ಉಜ್ಜಿದ ಗುರುತು, ವಾಲಿದ ಅಕ್ಷರ ಕಂಡರೆ ಒಂದು ಮಾತೂ ಆಡದೆ ಎದ್ದು ಬಾ.

• ಈಗ ನನ್ನ ಕಸುಬಿನ ವಿಷಯ. ವಿಮಾ ಪಾಲಿಸಿಯನ್ನು ಓದಲು ಕಲಿತರೆ ಕಾರಿನ ಅರ್ಧ ಚರಿತ್ರೆ ಓದಿದ ಹಾಗೆ. ಕ್ಲೇಮ್ ಮಾಡದವರಿಗೆ ಸಿಗುವ ನೋ ಕ್ಲೇಮ್ ಬೋನಸ್ ವರ್ಷದಿಂದ ವರ್ಷಕ್ಕೆ ಶೇ 20, 25, 35, 45 ಎಂದು ಏರಿ 50ಕ್ಕೆ ನಿಲ್ಲುತ್ತದೆ. ಆರು ವರ್ಷದಿಂದ ಒಬ್ಬರೇ ಮಾಲೀಕರು, ಆದರೂ ಬೋನಸ್ ಶೇ 20 ಎಂದರೆ ಈಚೆಗೆ ಕ್ಲೇಮ್ ಆಗಿದೆ, ಅಥವಾ ಪಾಲಿಸಿ ನವೀಕರಿಸದೆ ತೊಂಬತ್ತು ದಿನ ಮೀರಿ ಬಿಟ್ಟಿದ್ದಾರೆ. ಏನಾಯಿತು ಎಂದು ಕೇಳು. ಬಂಪರ್ ಬದಲಿಸಿದ್ದರೆ ಅದು ಅಪಚಾರವಲ್ಲ, ಈ ಊರಿನ ಟ್ರಾಫಿಕ್‌ನಲ್ಲಿ ಆಗುವಂಥದ್ದು. ಆದರೆ ಕ್ಲೇಮ್ ಎಷ್ಟರದ್ದು, ಯಾವ ತಿಂಗಳಿನದ್ದು ಎಂಬುದನ್ನು ಮಾಲೀಕರು ತಮ್ಮ ವಿಮಾ ಕಂಪನಿಯಿಂದ ಇಮೇಲ್‌ನಲ್ಲಿ ತರಿಸಿ ತೋರಿಸಲಿ. ಒಪ್ಪದವರ ಕಾರು ಬೇಡ.

ಆ ತಿಂಗಳನ್ನು ಏಕೆ ಕೇಳಬೇಕೆಂದರೆ, 2015ರ ಡಿಸೆಂಬರ್ ಮತ್ತು 2023ರ ಡಿಸೆಂಬರ್ ಚೆನ್ನೈ ಪ್ರವಾಹದ ತಿಂಗಳುಗಳು. 2018ರ ಆಗಸ್ಟ್ ಕೇರಳದ್ದು. 2022ರ ಸೆಪ್ಟೆಂಬರ್ ಮೊದಲ ವಾರ ನಮ್ಮದೇ ಯಮಲೂರು, ಹೊರ ವರ್ತುಲ ರಸ್ತೆಯ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ಬಾನೆಟ್‌ವರೆಗೆ ನೀರಿನಲ್ಲಿ ನಿಂತಿದ್ದವು. ಆ ತಿಂಗಳ ಆಸುಪಾಸಿನಲ್ಲಿ ಆ ಊರಿನ ಕಾರಿಗೆ ದೊಡ್ಡ ಕ್ಲೇಮ್ ಇದ್ದರೆ ಬೇರೆ ವಿವರಣೆ ಬೇಕಿಲ್ಲ.

• ದುರಸ್ತಿಯ ಖರ್ಚು ಕಾರಿನ ವಿಮಾ ಮೌಲ್ಯದ ಶೇ 75 ದಾಟಿದರೆ ನಾವು ಅದನ್ನು ಟೋಟಲ್ ಲಾಸ್ ಎಂದು ಬರೆಯುತ್ತೇವೆ. ಮಾಲೀಕರಿಗೆ ಹಣ ಹೋಗುತ್ತದೆ, ಕಾರಿನ ಅವಶೇಷ ಹರಾಜಿಗೆ ಹೋಗುತ್ತದೆ. ಅಲ್ಲಿಂದ ಕೊಂಡವರಲ್ಲಿ ಬಿಡಿಭಾಗಕ್ಕೆ ಒಡೆಯುವವರೂ ಇದ್ದಾರೆ, ಒಣಗಿಸಿ ತೊಳೆದು ಸುಗಂಧ ಹೊಡೆದು ಇನ್ನೊಂದು ರಾಜ್ಯದಲ್ಲಿ ಮಾರುವವರೂ ಇದ್ದಾರೆ. ಅಂಥ ಕಾರನ್ನು ಹೀಗೆ ಹಿಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಒಳತುದಿ ನೋಡು, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ, ಏಕೆಂದರೆ ಅಷ್ಟು ದೂರ ಎಳೆದು ಯಾರೂ ತೊಳೆಯುವುದಿಲ್ಲ. ಸೀಟಿನ ಹಳಿಯ ಬೋಲ್ಟುಗಳಲ್ಲಿ ತುಕ್ಕು ಇದೆಯೇ, ಕಾರ್ಪೆಟ್ ಎತ್ತಿದರೆ ಕೆಳಗಿನ ಸ್ಪಂಜು ತೇವ ಇದೆಯೇ, ಫ್ಯೂಸ್ ಬಾಕ್ಸಿನ ಪಿನ್ನುಗಳಲ್ಲಿ ಹಸಿರು ಬಿಳಿ ಪುಡಿ ಕೂತಿದೆಯೇ ನೋಡು. ಹೆಡ್‌ಲೈಟಿನ ಒಳಗೆ ನೀರು ನಿಂತ ಗೆರೆ ಇದ್ದರೂ ಅಷ್ಟೇ. ಹಳೆಯ ಕಾರಿನಲ್ಲಿ ಹೊಚ್ಚ ಹೊಸ ಕಾರ್ಪೆಟ್ ಕಂಡರೆ ಸಂತೋಷಪಡಬೇಡ. ಮುಳುಗಿದ ಕಾರು ಮೊದಲ ತಿಂಗಳು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಒಂದೊಂದೇ ಕಂಟ್ರೋಲ್ ಯೂನಿಟ್ ಸಾಯಲು ಶುರುವಾಗುತ್ತದೆ, ಯಾವ ಮೆಕ್ಯಾನಿಕ್ಕಿಗೂ ಅದರ ಕೊನೆ ಕಾಣುವುದಿಲ್ಲ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಇದರಲ್ಲಿ ನನ್ನ ಜೊತೆ ವಾದ ಮಾಡಬೇಡ.

• ಗುದ್ದಿದ ಗುರುತು ಹುಡುಕಲು ಬಿಸಿಲಿನಲ್ಲಿ ಕಾರು ನೋಡು, ಷೋರೂಮಿನ ದೀಪದ ಕೆಳಗಲ್ಲ, ಮಳೆ ಬಿದ್ದಾಗಲೂ ಅಲ್ಲ. ಬಾಗಿಲು, ಡಿಕ್ಕಿ, ಬಾನೆಟ್‌ಗಳ ಸಂದು ಎರಡೂ ಕಡೆ ಸಮನಾಗಿರಬೇಕು. ಕೀಲಿನ ಬೋಲ್ಟಿನ ತಲೆಯ ಮೇಲೆ ಸ್ಪ್ಯಾನರ್ ಕಚ್ಚಿದ ಗುರುತಿದ್ದರೆ ಅದನ್ನು ಬಿಚ್ಚಿದ್ದಾರೆ. ಪ್ರತಿ ಗಾಜಿನ ಮೂಲೆಯಲ್ಲೂ ತಯಾರಿಯ ಗುರುತು ಇರುತ್ತದೆ, ಒಂದು ಗಾಜಿನದು ಮಾತ್ರ ಬೇರೆ ವರ್ಷದ್ದಾದರೆ ಆ ಕಡೆಗೆ ಏನೋ ಆಗಿದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಬಾಡಿಗೆಗಾದರೂ ತೆಗೆದುಕೋ. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. 300 ದಾಟಿದರೆ ಮತ್ತೆ ಬಳಿದಿದ್ದಾರೆ, ಇನ್ನೂ ಬಹಳ ಮೇಲೆ ಹೋದರೆ ಕೆಳಗೆ ಪುಟ್ಟಿ ತುಂಬಿದೆ. ಒಂದು ವಿಷಯ: 981ರ ಬಾಗಿಲು, ಮುಂದಿನ ಹಿಂದಿನ ಮುಚ್ಚಳಗಳು ಅಲ್ಯೂಮಿನಿಯಂ. ಕಬ್ಬಿಣವನ್ನು ಮಾತ್ರ ಅಳೆಯುವ ಮೀಟರ್ ಅಲ್ಲಿ ಏನೂ ಹೇಳುವುದಿಲ್ಲ, ಎರಡನ್ನೂ ಅಳೆಯುವುದು ಬೇಕು.

• ಇಡೀ ಕಾರಿಗೆ ಬೇರೆ ಬಣ್ಣದ ರ‍್ಯಾಪ್ ಅಂಟಿಸಿದ್ದರೆ ಎರಡು ಕಡೆಯಾದರೂ ಬಿಡಿಸಿ ತೋರಿಸಲು ಹೇಳು. ಬಣ್ಣ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು.

• ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸು. ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ, ಮುಟ್ಟದೆ ಇಡಿ ಎಂದು ಹೇಳಿ ಏಳೂವರೆಗೇ ಹೋಗು. ಸೈಲೆನ್ಸರ್ ಮುಟ್ಟಿ ನೋಡು. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಹೊರಡು. ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಅಡ್ಡಡ್ಡ ಮಲಗಿರುತ್ತವೆ, ಆದ್ದರಿಂದ ಸ್ಟಾರ್ಟ್ ಆದಾಗ ಒಂದು ಉಸಿರಿನಷ್ಟು ಹೊಗೆ ಬಂದರೆ ಹೆದರಬೇಡ. ಬಿಳಿ ಹೊಗೆ ದಟ್ಟವಾಗಿ ನಿಲ್ಲದೆ ಬಂದರೆ ಆಯಿಲ್ ಬೇರ್ಪಡಿಸುವ ಸೆಪರೇಟರ್ ಹೋಗಿರಬಹುದು. 2009ಕ್ಕೆ ಹಿಂದಿನ ಕಾರಾದರೆ ಆಯಿಲ್ ಫಿಲ್ಟರ್ ಬಿಚ್ಚಿಸಿ ಲೋಹದ ಚೂರು ಇದೆಯೇ ನೋಡಿಸು. ಜೊತೆಗೆ ಬೋರ್‌ಸ್ಕೋಪ್ ಇಳಿಸಿ ಸಿಲಿಂಡರ್ ಗೋಡೆ ಗೀರಿಲ್ಲ ಎಂದು ಖಾತ್ರಿ ಮಾಡಿಕೋ. ಎರಡು ಬದಿಯ ಎಕ್ಸಾಸ್ಟ್‌ನಲ್ಲಿ ಒಂದು ಬದಿ ಮಾತ್ರ ಮಸಿ ಹೆಚ್ಚಿದ್ದರೆ, ಟಿಕ್ ಟಿಕ್ ಸದ್ದು ಬಿಡದೆ ಬಂದರೆ, ಅದು ಆ ಗೀರಿನ ಲಕ್ಷಣ.

• ಪೋರ್ಷೆ ಕೆಲಸ ಗೊತ್ತಿರುವವರಿಂದ ಪೂರ್ತಿ ತಪಾಸಣೆ ಮಾಡಿಸು, ಲಿಫ್ಟ್ ಮೇಲೆ ಏರಿಸಿ. ಅದಕ್ಕೆ ತಗಲುವ ಹಣ ನೋಡಿ ಹಿಂದೆಗೆಯಬೇಡ, ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡಬಾರದು. ಮಾರುವವರು ತೋರಿಸಿದ ಗ್ಯಾರೇಜಿಗೆ ಮಾತ್ರ ಹೋಗಬೇಡ. ಕಂಪನಿಯ ಸ್ಕ್ಯಾನರ್ ಹಾಕಿದರೆ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಗೊತ್ತಾಗುತ್ತದೆ. ಮೀಟರಿನ ಕಿಲೋಮೀಟರನ್ನು ಆ ಗಂಟೆಯಿಂದ ಭಾಗಿಸು. ಮೂವತ್ತರ ಆಸುಪಾಸು ಬಂದರೆ ನಂಬಬಹುದು. 18 ಸಾವಿರ ಕಿಲೋಮೀಟರ್ ತೋರಿಸುವ ಕಾರಿನ ಎಂಜಿನ್ 2,000 ಗಂಟೆ ಓಡಿದ್ದರೆ ಸರಾಸರಿ ಒಂಬತ್ತು ಕಿಲೋಮೀಟರ್ ವೇಗ ಎಂದಾಯಿತು. ಸಿಲ್ಕ್ ಬೋರ್ಡ್ ದಟ್ಟಣೆಯಲ್ಲೇ ಬದುಕಿದ ಕಾರಿಗೂ ಅಷ್ಟು ಕಡಿಮೆ ಬರುವುದು ಕಷ್ಟ, ಮೀಟರ್ ಹಿಂದಕ್ಕೆ ತಿರುಗಿಸಿರಬಹುದು. ಕೈಗೇರಿನ ಕಾರಾದರೆ ಮಿತಿ ಮೀರಿ ಎಂಜಿನ್ ಸುತ್ತಿಸಿದ ದಾಖಲೆಯನ್ನೂ ಸ್ಕ್ಯಾನರ್ ಕೊಡುತ್ತದೆ. ಅದರ ಮೇಲಿನ ಹಂತಗಳಲ್ಲಿ ಈಚಿನ ಅಂಕಿಗಳಿದ್ದರೆ ಬಿಡು.

ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಲವಾದದ್ದೇ. ಆದರೆ ಕೆಟ್ಟರೆ ಅದರಷ್ಟು ದುಬಾರಿ ಸಾಮಾನು ಈ ಕಾರಿನಲ್ಲಿ ಎಂಜಿನ್ ಬಿಟ್ಟರೆ ಬೇರೆ ಇಲ್ಲ. ಅದರ ಆಯಿಲ್ ಬದಲಿಸಿದ ಬಿಲ್ ಇರಲೇಬೇಕು. ನಿಂತು ನಿಂತು ಹೊರಡುವಾಗ ಒದೆಯುತ್ತದೆಯೇ, ರಿವರ್ಸ್ ತಡವಾಗಿ ಬೀಳುತ್ತದೆಯೇ ನೋಡು.

• ಬಾಕ್ಸ್‌ಟರ್‌ನ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿವೆ. ನಮ್ಮ ರಸ್ತೆಯ ಮಳೆಮರ, ಗುಲ್‌ಮೊಹರ್‌ಗಳ ಒಣ ಎಲೆಯೆಲ್ಲ ಅಲ್ಲಿ ಹೋಗಿ ಕೂರುತ್ತದೆ, ತೇವ ಹಿಡಿದು ಎಸಿ ಕಂಡೆನ್ಸರ್ ತಿನ್ನುತ್ತದೆ. ಟಾರ್ಚ್ ಹಿಡಿದು ನೋಡು. ಬಟ್ಟೆ ಚಾವಣಿಯ ನೀರು ಹರಿಯುವ ತೂತುಗಳೂ ಎಲೆಯಿಂದಲೇ ಮುಚ್ಚುವುದು. ಮುಚ್ಚಿದರೆ ನೀರು ಒಳಗೆ ಬರುತ್ತದೆ. ಚಾವಣಿಯನ್ನು ಮೂರು ನಾಲ್ಕು ಸಲ ತೆರೆದು ಮುಚ್ಚಿಸು, ಹಿಂದಿನ ಗಾಜಿನ ಅಂಚು ಬಟ್ಟೆಯಿಂದ ಬಿಟ್ಟಿದೆಯೇ ಬೆರಳಾಡಿಸಿ ನೋಡು. ಬಾಕ್ಸ್‌ಟರ್ ಸಿಗದೆ ಬಿಎಂಡಬ್ಲ್ಯೂ ಜೀ಼ ಫೋರ್ ಅಥವಾ ಮರ್ಸಿಡಿಸ್ ಎಸ್‌ಎಲ್‌ಕೆ ಕಡೆ ಹೋದರೆ ಗಟ್ಟಿ ಚಾವಣಿ ಮಡಚುವ ಮಾದರಿಗಳಲ್ಲಿ ಹೈಡ್ರಾಲಿಕ್ಸ್ ಮತ್ತು ವೈರುಗಳ ಬಗ್ಗೆ ಇದರ ಎರಡರಷ್ಟು ಎಚ್ಚರ ಬೇಕು.

• ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಆರು ವರ್ಷ ದಾಟಿದ್ದರೆ ಗೀರು ಎಷ್ಟೇ ಆಳವಿರಲಿ ಬದಲಿಸಬೇಕು, ಅದನ್ನು ಬೆಲೆಯಲ್ಲಿ ಕಳೆ. ಹಿಂದೆ ಮುಂದೆ ಬೇರೆ ಬೇರೆ ಅಳತೆ. ಪೋರ್ಷೆ ಒಪ್ಪಿದ ಟೈರಿನ ಮೇಲೆ ‘ಎನ್’ ಗುರುತು ಇರುತ್ತದೆ. ನಾಲ್ಕರಲ್ಲಿ ಎರಡು ಯಾವುದೋ ಅಗ್ಗದ ಕಂಪನಿಯವಾಗಿದ್ದರೆ ಮಾಲೀಕರು ಕಣ್ಣಿಗೆ ಕಾಣದ ಕಡೆ ಇನ್ನೆಷ್ಟು ಉಳಿಸಿದ್ದಾರೋ ಯೋಚಿಸು.

• ಎಂಜಿನ್ ರೀಮ್ಯಾಪ್, ಗುಡುಗುವ ಸೈಲೆನ್ಸರ್ ಹಾಕಿಸಿದ ಕಾರು ಬೇಡ. ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಾಳೆ ಅಪಘಾತವಾದರೆ ನನ್ನಂಥ ಸರ್ವೇಯರ್ ಅದನ್ನು ಬರೆದುಕೊಳ್ಳುತ್ತಾನೆ, ಬರೆಯದೆ ಇರಲು ಅವನಿಗೆ ಆಗುವುದಿಲ್ಲ.

• ಓಡಿಸಿ ನೋಡುವಾಗ ಖಾಲಿ ರಸ್ತೆ ಸಾಲದು. ಹಂಪ್ಸ್ ಇರುವ ಗಲ್ಲಿ, ಹಾಳು ರಸ್ತೆ, ನೇರ ರಸ್ತೆ, ಮೂರೂ ಬೇಕು. ಹಂಪ್ಸ್ ಹತ್ತಿ ಇಳಿದಾಗ ಟಕ್ ಎಂದರೆ ಸಸ್ಪೆನ್ಷನ್ ಬುಷ್. ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಸಡಿಲ ಹಿಡಿದಾಗ ಒಂದು ಬದಿಗೆ ಎಳೆದರೆ ಅಲೈನ್‌ಮೆಂಟಿರಬಹುದು, ಚಾಸಿಯೇ ಇರಬಹುದು. ಆಮೇಲೆ ಕಾರನ್ನು ನಿನ್ನ ಅಪಾರ್ಟ್‌ಮೆಂಟಿಗೆ ತಂದು ಬೇಸ್‌ಮೆಂಟಿನ ಇಳಿಜಾರು ಇಳಿಸಿ ಹತ್ತಿಸು. ತಳ ಉಜ್ಜಿದರೆ ದಿನಾ ಉಜ್ಜುತ್ತದೆ.

• ಬೆಲೆ ಮಾತಾಡುವಾಗ ಕೈಯಲ್ಲಿ ತಪಾಸಣೆಯ ವರದಿ ಇರಲಿ. ಟೈರಿಗಿಷ್ಟು, ಡಿಸ್ಕಿಗಿಷ್ಟು, ಬಾಕಿ ಸರ್ವಿಸ್‌ಗಿಷ್ಟು ಎಂದು ಬಿಲ್ಲಿನ ಲೆಕ್ಕ ಇಟ್ಟು ಕೇಳು. “ಇನ್ನೊಬ್ಬರು ಸಂಜೆ ಬರ್ತಿದ್ದಾರೆ” ಎಂದರೆ ಬರಲಿ. ಹಣ ಕೊಡುವುದಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೇ, ಆರ್‌ಟಿಜಿಎಸ್‌ನಲ್ಲೇ. ಡೀಲರ್ ತನ್ನ ಸ್ವಂತದ ಕಾರು ಮಾರುತ್ತಿದ್ದರೆ ಅವರ ಸಂಸ್ಥೆಯ ಖಾತೆಗೆ, ಬಿಲ್ಲಿನ ಜೊತೆ. ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದು ಕಾನೂನಿಗೆ ವಿರುದ್ಧ, ಅರ್ಧ ಕ್ಯಾಷ್ ಕೊಡಿ ಎನ್ನುವವರ ಜೊತೆ ವ್ಯವಹಾರವೇ ಬೇಡ. ಟೋಕನ್ ಕೊಟ್ಟರೆ ಯಾವ ಸಂದರ್ಭದಲ್ಲಿ ವಾಪಸ್ ಎಂದು ಬರೆಸಿಕೋ.

• ಫಾರಂ 29, ಫಾರಂ 30 ಎರಡಕ್ಕೂ ಸಹಿ ಹಾಕಿಸಿಕೊಂಡು ಮೂವತ್ತು ದಿನದೊಳಗೆ ಹೆಸರು ಬದಲಾವಣೆಗೆ ಹಾಕು. ಕಾರು ಕೈಗೆ ಬಂದ ದಿನಾಂಕ, ಗಂಟೆ, ಕಿಲೋಮೀಟರ್ ಬರೆದ ಡೆಲಿವರಿ ಪತ್ರಕ್ಕೆ ಇಬ್ಬರೂ ಸಹಿ ಮಾಡಿ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಬೇಕು. ಥರ್ಡ್ ಪಾರ್ಟಿ ರಕ್ಷಣೆ ತಾನಾಗಿಯೇ ನಿನಗೆ ಬರುತ್ತದೆ, ನಿನ್ನ ಕಾರಿಗಾದ ನಷ್ಟದ ರಕ್ಷಣೆ ಹಾಗೆ ಬರುವುದಿಲ್ಲ. ಕೊಂಡ ತಿಂಗಳಲ್ಲೇ ಗುದ್ದಿ, ಪಾಲಿಸಿ ಹಳೆಯ ಮಾಲೀಕರ ಹೆಸರಿನಲ್ಲೇ ಇದ್ದುದರಿಂದ ಕ್ಲೇಮ್ ತಿರಸ್ಕೃತವಾಗಿ ಗ್ಯಾರೇಜಿನಲ್ಲಿ ಅಳುತ್ತ ಕೂತವರನ್ನು ನಾನು ಕಂಡಿದ್ದೇನೆ. ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಹಳೆಯ ಮಾಲೀಕರ ಬೋನಸ್ ನಿನಗೆ ಸಿಗುವುದಿಲ್ಲ, ಅದು ಅವರ ಸ್ವತ್ತು. ನಿನ್ನದು ಸೊನ್ನೆಯಿಂದ ಶುರು. ಎಂಜಿನ್ ರಕ್ಷಣೆಯ ಆಡ್-ಆನ್ ತಪ್ಪದೆ ಸೇರಿಸು. ಅಂಡರ್‌ಪಾಸ್‌ನಲ್ಲಿ ನೀರು ಎಳೆದುಕೊಂಡ ಎಂಜಿನ್ನಿಗೆ ಮಾಮೂಲಿ ಪಾಲಿಸಿಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

• ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹತ್ತು ಹನ್ನೆರಡು ವರ್ಷದ ಹಿಂದಿನ ಕಾರನ್ನು ಅದಕ್ಕಾಗಿ ಮಾಡಿದ್ದಲ್ಲ. ಇಂಧನದ ರಬ್ಬರ್ ಪೈಪುಗಳನ್ನು ವರ್ಷಕ್ಕೊಮ್ಮೆ ನೋಡಿಸು. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100 ಸಿಗುವ ಬಂಕ್ ಎಲ್ಲಿದೆ ಎಂದು ತಿಳಿದಿಟ್ಟುಕೋ. ಮಾಮೂಲಿಗಿಂತ ಲೀಟರಿಗೆ ಐವತ್ತು ರೂಪಾಯಿಗೂ ಹೆಚ್ಚು, ಆದರೆ ತಿಂಗಳಿಗೆ ನೀನು ಓಡಿಸುವುದೆಷ್ಟು! ವಾರಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿಗೆ ಮೇಂಟೇನರ್ ಹಾಕಿಡು.

• ಕೊಂಡ ಮೇಲೆ ವೇಗ ನೋಡುವ ಆಸೆ ಬರುತ್ತದೆ, ಬರಲಿ. ಅದನ್ನು ನಂದಿ ಬೆಟ್ಟದ ರಸ್ತೆಯಲ್ಲಿ ತೀರಿಸಿಕೊಳ್ಳಬೇಡ. ಚೆನ್ನೈ ಹತ್ತಿರ ಇರುಂಗಟ್ಟುಕೋಟೈನಲ್ಲಿ, ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕುಗಳಿವೆ, ಕಲಿಸುವವರೂ ಇದ್ದಾರೆ. ಒಂದು ತರಗತಿಗೆ ಸೇರು. ಆದರೆ ರೇಸ್, ವೇಗ ಪರೀಕ್ಷೆಗಳಿಗೆ ಖಾಸಗಿ ಕಾರಿನ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ, ಆದ್ದರಿಂದ ಅಲ್ಲಿ ಅವರ ಕಾರನ್ನೇ ಓಡಿಸು. ಬಾಕ್ಸ್‌ಟರ್‌ನ ಎಂಜಿನ್ ನಿನ್ನ ಬೆನ್ನ ಹಿಂದೆ, ಕಾರಿನ ನಡುವೆ ಇದೆ. ಒದ್ದೆ ರಸ್ತೆಯ ತಿರುವಿನಲ್ಲಿ ಹೆದರಿ ಥಟ್ಟನೆ ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಹಿಂಭಾಗ ಹೊರಕ್ಕೆ ಜಾರುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸು, ಒಳಗೆ ಹೋದ ಮೇಲೆ ಕಾಲು ಒಂದೇ ಸಮನೆ ಇರಲಿ. ತಪಾಸಣೆಯ ದಿನ ಗೊತ್ತಾದ ಕೂಡಲೇ ಫೋನ್ ಮಾಡು, ಟಾರ್ಚು ಮತ್ತು ಬಣ್ಣದ ಮೀಟರ್ ತೆಗೆದುಕೊಂಡು ನಾನೂ ಬರುತ್ತೇನೆ.